20 ಬೇಡ, 8 ಪದ ಸಾಕು

ಇಂಗ್ಲಿಷ್ ಪಾಠ ಶುರುವಾಗುವ ಮೊದಲು ಬೋರ್ಡಿನ ಮೇಲೆ 20 ಹೊಸ ಪದ, ಎದುರಿಗೆ 20 ಕನ್ನಡ ಅರ್ಥ. ಮಕ್ಕಳು ಬರೆದುಕೊಳ್ಳುತ್ತಾರೆ, ಅರ್ಧ ಪೀರಿಯಡ್ಡು ಮುಗಿಯುತ್ತದೆ. ವಾರದ ನಂತರ ಕೇಳಿದರೆ ನಾಲ್ಕೈದು ಉಳಿದಿದ್ದರೆ ಹೆಚ್ಚು. ಇದರಲ್ಲಿ ಮಕ್ಕಳ ಸೋಮಾರಿತನ ಏನೂ ಇಲ್ಲ. ನೋಡಿ ಬರೆಯುವಾಗ ದುಡಿಯುವುದು ಕೈ. ನೆನಪಿಗೆ ಅಲ್ಲಿ ಕೆಲಸವೇ ಬೀಳುವುದಿಲ್ಲ.

40 ನಿಮಿಷದ ಪೀರಿಯಡ್ಡಿಗೆ 6ರಿಂದ 8 ಹೊಸ ಪದ ಸಾಕು. ಹಾಗಾದರೆ ಪಾಠದಲ್ಲಿರುವ ಉಳಿದ ಪದಗಳ ಗತಿ? ಎಲ್ಲವನ್ನೂ 'ಕಲಿಸ'ಬೇಕಿಲ್ಲ. ಕಥೆಯಲ್ಲಿ ಒಮ್ಮೆ ಬಂದುಹೋಗುವ 'ಲೈಟ್‌ಹೌಸ್'ಗೆ ಓದುತ್ತಾ ಓದುತ್ತಾ ಕನ್ನಡದಲ್ಲಿ ಅರ್ಥ ಹೇಳಿ ಮುಂದೆ ಹೋಗಿ. 'ಅವಾಯ್ಡ್', 'ಇನ್‌ಕ್ರೀಸ್', 'ಸಡನ್‌ಲಿ' ಥರದವು ಯಾವ ಪಾಠದಲ್ಲಾದರೂ ಮತ್ತೆ ಎದುರಾಗುತ್ತವೆ, ಸಮಯ ಹಾಕಬೇಕಾದದ್ದು ಇವಕ್ಕೆ. ಯಾವುದು ಹೆಚ್ಚು ಬಳಕೆಯ ಪದ ಎಂಬ ಅನುಮಾನ ಬಂದರೆ ಇಂಗ್ಲಿಷ್ ಬೋಧನೆಯ ತಜ್ಞ ಮೈಕೆಲ್ ವೆಸ್ಟ್ 1953ರಲ್ಲಿ ಪ್ರಕಟಿಸಿದ ಸುಮಾರು 2000 ಪದಗಳ ಪಟ್ಟಿ ಇವತ್ತಿಗೂ ದಾರಿ ತೋರಿಸುತ್ತದೆ. ಪಾಠದ ಕೊನೆಯ 'ಕಠಿಣ ಪದಗಳ' ಪಟ್ಟಿಯನ್ನು ಮಾತ್ರ ಕಣ್ಣುಮುಚ್ಚಿ ನಂಬಬೇಡಿ. ಕಷ್ಟದ ಪದವೆಲ್ಲ ಉಪಯೋಗದ ಪದ ಅಲ್ಲ.

ಮೊದಲು ಧ್ವನಿ, ಆಮೇಲೆ ಅರ್ಥ, ಕೊನೆಗೆ ಸ್ಪೆಲಿಂಗ್. ಈ ಕ್ರಮ ತಲೆಕೆಳಗಾದರೆ ಏನಾಗುತ್ತದೆ ಎಂಬುದಕ್ಕೆ 'ವೆಜಿಟಬಲ್', 'ಕಂಫರ್ಟಬಲ್' ಸಾಕ್ಷಿ: ಅಕ್ಷರ ಮೊದಲು ಕಂಡ ಮಗುವಿಗೆ ಎರಡರ ಬಾಲದಲ್ಲೂ 'ಟೇಬಲ್' ಕಾಣುತ್ತದೆ. ಹಾಗೆ ಕೂತ ಉಚ್ಚಾರಣೆಯನ್ನು ಕೀಳುವುದು ಹೊಸದನ್ನು ಕಲಿಸುವುದಕ್ಕಿಂತ ಕಷ್ಟ. ಬೋರ್ಡಿಗೆ ಬರೆಯುವ ಮೊದಲು ಮೂರು ಸಲ ಸ್ಪಷ್ಟವಾಗಿ ಹೇಳಿ, ಮಕ್ಕಳಿಂದ ಹೇಳಿಸಿ. ದನಿಯ ಒತ್ತು ಬೀಳುವ ಜಾಗದಲ್ಲಿ ಚಪ್ಪಾಳೆ ಹಾಕಿಸಿ. 'ಫೋಟೊಗ್ರಾಫ್'ನಲ್ಲಿ ಮೊದಲ ತುಂಡಿಗೆ, 'ಫೊಟಾಗ್ರಫಿ'ಯಲ್ಲಿ ಎರಡನೆಯದಕ್ಕೆ. ಕನ್ನಡದಲ್ಲಿ ಒತ್ತಿನಿಂದ ಪದ ಗುರುತಿಸುವ ಅಭ್ಯಾಸ ನಮಗಿಲ್ಲ, ಹಾಗಾಗಿ ತಾನಾಗಿ ಬರಲಿ ಎಂದು ಕಾಯುವಂತಿಲ್ಲ.

ಅರ್ಥವನ್ನು ಇಂಗ್ಲಿಷಿನಲ್ಲೇ ವಿವರಿಸಬೇಕು ಎಂಬ ಹಟ ಬೇಡ. ವಸ್ತುವಾದರೆ ತೋರಿಸಿ, ಕ್ರಿಯೆಯಾದರೆ ಮಾಡಿ ತೋರಿಸಿ, ಕನ್ನಡದ ಒಂದು ಪದ ಸರಿಯಾಗಿ ಕೂರುವುದಾದರೆ ಅದನ್ನೇ ಹೇಳಿ. ಎರಡು ಸೆಕೆಂಡಿನ ಕೆಲಸ. ತೊಂದರೆ ಬರುವುದು ಕನ್ನಡದ ಒಂದು ಪದ ಇಂಗ್ಲಿಷಿನ ಎರಡು ಮೂರು ಪದಗಳ ಮೇಲೆ ಹರಡಿಕೊಂಡಾಗ. ನಮ್ಮ 'ಕೈ' ಅವರಿಗೆ 'ಹ್ಯಾಂಡ್' ಕೂಡ ಹೌದು, 'ಆರ್ಮ್' ಕೂಡ ಹೌದು. 'ಕಾಲು' ಎಂದರೆ 'ಲೆಗ್', 'ಫುಟ್' ಎರಡೂ. 'ನೋಡು' ಒಂದರೊಳಗೆ 'ಸೀ', 'ಲುಕ್', 'ವಾಚ್' ಮೂರೂ ಅಡಗಿವೆ. 'ಹೇಳು'ವಿನಲ್ಲಿ 'ಸೇ', 'ಟೆಲ್' ಬೆರೆತಿವೆ. ಇಂಥ ಕಡೆ ಬರೀ ಅರ್ಥ ಕೊಟ್ಟರೆ ಮಗು 'ಸೀ ದ ಟಿವಿ', 'ಹಿ ಸೆಡ್ ಮಿ' ಎಂದೇ ಹೇಳುತ್ತದೆ. ಇವನ್ನು ಜೋಡಿಸಮೇತ ಕಲಿಸಿ: 'ವಾಚ್ ಟಿವಿ', 'ಲುಕ್ ಅಟ್ ಮಿ', 'ಟೆಲ್ ಮಿ', 'ಸೇ ಹಲೋ'. 'ಮಾಡು' ಅಂತೂ ದೊಡ್ಡ ಬಲೆ. 'ಡು ಹೋಮ್‌ವರ್ಕ್', 'ಮೇಕ್ ಎ ಮಿಸ್ಟೇಕ್': ಇದಕ್ಕೆ ನಂಬಬಹುದಾದ ನಿಯಮವಿಲ್ಲ, ಜೋಡಿಯನ್ನೇ ನೆನಪಿಡಬೇಕು.

'ಅರ್ಥ ಆಯ್ತಾ?' ಎಂದು ಕೇಳಿ ಪ್ರಯೋಜನವಿಲ್ಲ. ಇಡೀ ಕ್ಲಾಸು ಒಂದೇ ರಾಗದಲ್ಲಿ 'ಆಯ್ತು' ಎನ್ನುತ್ತದೆ. ಅರ್ಥದ ಒಳಗೇ ಕೈ ಹಾಕುವ ಪ್ರಶ್ನೆ ಬೇಕು. 'ಬಾರೋ' (borrow, ಎರವಲು ಪಡೆ) ಕಲಿಸಿದ್ದೀರಿ ಎನ್ನೋಣ. 'ರವಿ ಬಾರೋಡ್ ಎ ಪೆನ್ ಫ್ರಮ್ ಗೀತಾ' ಎಂದು ಹೇಳಿ, ಹೀಗೆ ಕೇಳಿ: ಪೆನ್ನು ಈಗ ಯಾರ ಹತ್ತಿರ ಇದೆ? ಯಾರದ್ದು? ವಾಪಸ್ ಕೊಡಬೇಕೋ ಬೇಡವೋ? ಮೂರು ಉತ್ತರ ಸರಿ ಬಂದರೆ ಪದ ಕೂತಿದೆ.

ಅದೇ ದಿನ 'ಲೆಂಡ್' (lend, ಎರವಲು ಕೊಡು) ಕಲಿಸಬೇಡಿ. ವಿರುದ್ಧಪದಗಳನ್ನು ಜೊತೆಯಾಗಿ ಕಲಿಸುವುದು ಅಚ್ಚುಕಟ್ಟಾಗಿ ಕಾಣುತ್ತದೆ, ಆದರೆ ಎರಡೂ ಹೊಸದಾಗಿದ್ದರೆ ಒಂದರ ಅರ್ಥ ಇನ್ನೊಂದಕ್ಕೆ ಅಂಟಿಕೊಳ್ಳುತ್ತದೆ. 'ಲೆಫ್ಟ್', 'ರೈಟ್' ಒಟ್ಟಿಗೆ ಕಲಿತವರು ಎಷ್ಟು ದಿನ ತಡವರಿಸುತ್ತಾರೆ ನೋಡಿ. ಒಂದು ಗಟ್ಟಿಯಾದ ಮೇಲೆ, ಎರಡು ವಾರ ಬಿಟ್ಟು, ಇನ್ನೊಂದನ್ನು ತನ್ನಿ. ಒಂದೇ ದಿನ ಹತ್ತು ಬಣ್ಣ, ಹತ್ತು ಹಣ್ಣು ಕಲಿಸಿದರೂ ಇದೇ ಗೊಂದಲ.

ಇಷ್ಟೆಲ್ಲ ಮಾಡಿದ್ದು ಮೊದಲ ಭೇಟಿ. ಪದ ಉಳಿಯುವುದು ಮರುಭೇಟಿಗಳಲ್ಲಿ, ನನ್ನ ಪ್ರಕಾರ ಕ್ಲಾಸುಗಳಲ್ಲಿ ತಪ್ಪಿಹೋಗುವುದೂ ಇದೇ. ಜರ್ಮನಿಯ ಮನೋವಿಜ್ಞಾನಿ ಎಬ್ಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ: ಮರೆವು ಮೊದಲ ಗಂಟೆಗಳಲ್ಲಿ ಭರದಿಂದ ನಡೆಯುತ್ತದೆ, ಆಮೇಲೆ ನಿಧಾನವಾಗುತ್ತದೆ. ಆದ್ದರಿಂದ ಮೊದಲ ಭೇಟಿಗಳು ಹತ್ತಿರ ಹತ್ತಿರ ಇರಲಿ: ಅದೇ ಪೀರಿಯಡ್ಡಿನ ಕೊನೆಯ 3 ನಿಮಿಷ, ಮರುದಿನದ ಮೊದಲ 5 ನಿಮಿಷ, ಮತ್ತೆ ಮೂರನೇ ದಿನ, ಒಂದು ವಾರಕ್ಕೆ, ಒಂದು ತಿಂಗಳಿಗೆ.

ಮರುಭೇಟಿ ಎಂದರೆ ಮತ್ತೆ ಓದಿಸುವುದಲ್ಲ, ನೆನಪಿನಿಂದ ಹೊರಗೆ ತೆಗೆಸುವುದು. ಎ4 ಹಾಳೆಯನ್ನು 8 ತುಂಡು ಮಾಡಿ. ಮುಂದೆ ಇಂಗ್ಲಿಷ್ ಪದ. ಹಿಂದೆ ಕನ್ನಡ ಅರ್ಥ ಮತ್ತು ಒಂದು ಚಿಕ್ಕ ವಾಕ್ಯ. ಮೂರು ಡಬ್ಬಿ ಇಡಿ: ಮೊದಲನೆಯದು ದಿನಾ, ಎರಡನೆಯದು ಮೂರು ದಿನಕ್ಕೊಮ್ಮೆ, ಮೂರನೆಯದು ವಾರಕ್ಕೊಮ್ಮೆ. ಸರಿಯಾದ ಕಾರ್ಡು ಮುಂದಿನ ಡಬ್ಬಿಗೆ ಹೋಗುತ್ತದೆ, ತಪ್ಪಿದ್ದು ಎಲ್ಲಿದ್ದರೂ ಮೊದಲನೆಯದಕ್ಕೆ ಬರುತ್ತದೆ. ವಿಜ್ಞಾನ ಪತ್ರಕರ್ತ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಜನಪ್ರಿಯಗೊಳಿಸಿದ ಕ್ರಮ ಇದು. ಕೆಡುವುದು ಎರಡು ಕಡೆ. ಮಕ್ಕಳು ಯೋಚಿಸುವ ಮೊದಲೇ ಹಿಂದೆ ತಿರುಗಿಸಿ ನೋಡುತ್ತಾರೆ. ಅದಕ್ಕೆ ಇಬ್ಬಿಬ್ಬರನ್ನು ಕೂರಿಸಿ, ಕಾರ್ಡು ಎದುರಿನವರ ಕೈಯಲ್ಲಿರಲಿ. ಇನ್ನೊಂದು, ಕಾರ್ಡುಗಳ ಸರದಿಯೇ ಬಾಯಿಪಾಠವಾಗುತ್ತದೆ. ಪ್ರತಿ ಸಲ ಕಲಸಿ. ಇಂಗ್ಲಿಷಿನಿಂದ ಕನ್ನಡಕ್ಕೆ ಸಲೀಸಾದ ಮೇಲೆ ಕನ್ನಡದಿಂದ ಇಂಗ್ಲಿಷಿಗೆ ಕೇಳಿ, ನಿಜವಾದ ಕಷ್ಟ ಅಲ್ಲಿದೆ.

60 ಮಕ್ಕಳ ಕ್ಲಾಸಿನಲ್ಲಿ ಡಬ್ಬಿ ಸಾಗುವುದಿಲ್ಲ. ಒಂದು ಚೀಲದಲ್ಲಿ ಕಲಿಸಿದ ಪದಗಳ ಚೀಟಿ ಇಟ್ಟುಕೊಂಡು ದಿನಕ್ಕೆ ಐದನ್ನು ಎತ್ತಿ. ನೀವು ಅರ್ಥ ಹೇಳಿ, ಎಲ್ಲರೂ ಸ್ಲೇಟಿನ ಮೇಲೆ ಪದ ಬರೆದು ಒಟ್ಟಿಗೆ ಎತ್ತಿ ಹಿಡಿಯಲಿ. ಕೈ ಎತ್ತಿದವರನ್ನಷ್ಟೇ ಕೇಳಿದರೆ ಅವರೇ ನಾಲ್ಕು ಜನ ವರ್ಷವಿಡೀ ಉತ್ತರ ಹೇಳುತ್ತಾರೆ.

'ಸ್ವಂತ ವಾಕ್ಯದಲ್ಲಿ ಬಳಸಿ' ಎಂದರೆ ಬರುವುದು 'ಹಿ ಈಸ್ ರಿಲಕ್ಟೆಂಟ್' (ಅವನಿಗೆ ಮನಸ್ಸಿಲ್ಲ). ಅರ್ಥ ಗೊತ್ತೋ ಇಲ್ಲವೋ ತಿಳಿಯುವುದೇ ಇಲ್ಲ. ಅರ್ಧ ವಾಕ್ಯ ನೀವು ಕೊಡಿ: 'ಐ ವಾಸ್ ರಿಲಕ್ಟೆಂಟ್ ಟು ... ಬಿಕಾಸ್ ...' ಇದನ್ನು ತುಂಬಲು ಅರ್ಥ ಬೇಕೇ ಬೇಕು. ಒಂದೊಂದೇ ಅಕ್ಷರ ಊಹಿಸಿ ಪದ ಕಂಡುಹಿಡಿಯುವ ಹ್ಯಾಂಗ್‌ಮ್ಯಾನ್ ಆಟ ಆಡಿಸುವುದಾದರೆ ಆಡಿಸಿ, ಅದು ಪರೀಕ್ಷಿಸುವುದು ಸ್ಪೆಲಿಂಗನ್ನು ಮಾತ್ರ.

ಸಂದರ್ಭದಿಂದ ಅರ್ಥ ಊಹಿಸಲು ಕಲಿಸುವುದು ಒಳ್ಳೆಯದೇ, ಸುತ್ತಲಿನ ಪದಗಳು ಗೊತ್ತಿದ್ದರೆ. ನೂರರಲ್ಲಿ ಹತ್ತು ಪದ ಅಪರಿಚಿತವಾಗಿದ್ದರೆ ಊಹೆ ಕತ್ತಲಲ್ಲಿ ಕಲ್ಲು ಹೊಡೆದಂತೆ. ಎರಡೋ ಮೂರೋ ಇದ್ದಾಗ ಮಾತ್ರ ಕೆಲಸ ಮಾಡುತ್ತದೆ.

ತಿಂಗಳ ಕೊನೆಗೆ, ಮುಂಚೆ ಹೇಳದೆ, ಚೀಲದಿಂದ 10 ಚೀಟಿ ಎತ್ತಿ ಪರೀಕ್ಷೆ ಮಾಡಿ. ಓದಿ ಬರೆದ ಅಂಕಕ್ಕಿಂತ ಇದು ಕಡಿಮೆ ಬರುತ್ತದೆ, ಆದರೆ ಸುಳ್ಳು ಹೇಳುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳು ತಪ್ಪಿದ ಪದ ಮತ್ತೆ ಚೀಲಕ್ಕೆ. ಮೂರು ಸಲ ವಾಪಸ್ ಬಂದ ಪದವಾದರೆ ಅದನ್ನು ಹೊಸ ವಾಕ್ಯ, ಹೊಸ ಚಿತ್ರದೊಂದಿಗೆ ಮೊದಲಿನಿಂದ ಕಲಿಸಿ. ಆ ಮೂರು ತಿಂಗಳಲ್ಲಿ ಅದು ಯಾವ ಪಾಠದಲ್ಲೂ ಎದುರಾಗಿಲ್ಲವೆಂದರೆ ಚೀಟಿಯನ್ನು ಹರಿದು ಹಾಕಿ, ಆ ಜಾಗಕ್ಕೆ ಬೇರೆ ಪದ ಬರಲಿ.