ಮಿರ್ಚಿ ಬಿಡಬ್ಯಾಡ್ರಿ, ಬಿಡೂದು ಬ್ಯಾರೇನ ಐತಿ

ತೂಕ ಇಳಿಸಬೇಕು ಅಂತ ಮನಸ್ಸು ಮಾಡಿದ ಮಂದಿ ಮೊದಲ ಮಾಡೂ ಕೆಲಸ ಅಂದ್ರ ತಮಗ ಎಲ್ಲಾದಕ್ಕಿಂತ ಪ್ರೀತಿ ಯಾವುದೈತಿ ಅದನ್ನ ಬಂದ್ ಮಾಡೂದು. ಮಿರ್ಚಿ ಬಂದ್, ಪೇಡಾ ಬಂದ್, ಹೋಳಿಗಿ ಬಂದ್. ಹುಬ್ಬಳ್ಳಿ ಧಾರವಾಡದಾಗ ಇದ್ದು ಇದು ಎಷ್ಟ ದಿನಾ ನಡೀತೈತ್ರಿ? ಸಂಜಿ ಐದಾತಂದ್ರ ಯಾವ ಓಣಿಗೆ ಹೋದ್ರೂ ಎಣ್ಣಿ ಕಡಾಯಿ ಒಲಿ ಮ್ಯಾಲೆ ಏರಿರ್ತೈತಿ, ದುರ್ಗದ ಬೈಲಿನಾಗ ಹಾಯ್ದು ಬಂದ್ರ ಸಾಕು ಅಂಗಿಗೆಲ್ಲಾ ವಾಸನಿ ಹತ್ತಿರ್ತೈತಿ. ಒಂದು ವಾರ, ಎರಡು ವಾರ ಹಲ್ಲು ಕಚ್ಚಿ ಇರ್ತಾರ, ಆಮ್ಯಾಲೆ ಒಂದಿನ ಎಲ್ಲಾ ಸೇರಿಸಿ ತಿಂತಾರ, ತಿಂದ ಮ್ಯಾಲೆ ನನ್ನ ಕೈಲೆ ಆಗಂಗಿಲ್ಲ ಬಿಡು ಅಂತ ಪೂರಾ ಕೈ ಬಿಡ್ತಾರ. ನಮ್ಮ ಆಫೀಸಿನಾಗ, ಬಳಗದಾಗ ಇದನ್ನ ಭಾಳ ನೋಡೀನಿ ನಾ.

ನಾ ಹೇಳೂದು ಇದರ ಉಲ್ಟಾ ಐತಿ. ಪ್ರೀತಿ ಇರೋದನ್ನ ಇಟ್ಕೋರಿ. ಪ್ರೀತಿ ಇಲ್ಲದ, ತಿಂದ ಅರ್ಧ ತಾಸಿಗೆ ನೆನಪೂ ಇರದ, ಸುಮ್ಮ ಕೈಗೆ ಸಿಕ್ತು ಅಂತ ಬಾಯಾಗ ಹಾಕ್ಕೊಂಡದ್ದು ಇರ್ತೈತಲ್ಲ, ಅದನ್ನ ಬಿಡ್ರಿ.

ನಮ್ಮವ್ವಗ ಶುಗರ್ ಬಂದು ವರ್ಷಗಟ್ಟಲೆ ಆತು, ಗದಗ ಕಡೆ ನಮ್ಮ ತವರಮನ್ಯಾಗ ಈಗ ಮೂರು ಮಂದಿ ಗುಳಿಗಿ ತೊಗೋತಾರ. ಹಂಗಾಗಿ ನಂದೂ ಒಮ್ಮೆ ಟೆಸ್ಟ್ ಮಾಡಿಸಿದಾಗ, ಹಿಂದಿನ ಎರಡು-ಮೂರು ತಿಂಗಳ ಶುಗರಿನ ಸರಾಸರಿ ತೋರಸೋ ಎಚ್‌ಬಿಎ1ಸಿ 6 ಬಂತು. 5.7 ರಿಂದ 6.4 ರ ನಡುವ ಬಂದ್ರ ಅದು ಬಾರ್ಡರ್, ಇನ್ನೂ ಕಾಯಿಲೆ ಅಲ್ಲ ಆದ್ರ ದಾರಿ ಅದ ಕಡೆ ಐತಿ ಅಂತ ಡಾಕ್ಟರು ಹೇಳಿದ್ರು. ನಮ್ಮ ದೇಶದವ್ರಿಗೆ ಬಿಎಂಐ, ಅಂದ್ರ ಎತ್ತರಕ್ಕ ತಕ್ಕಂಗ ತೂಕದ ಲೆಕ್ಕ, 23 ದಾಟಿದ್ರನ ಹೆಚ್ಚು ಅಂತ ಹಿಡೀತಾರಂತ, ಹೆಣ್ಮಕ್ಕಳ ಸೊಂಟದ ಸುತ್ತಳತೆ 80 ಸೆಂಟಿಮೀಟರ್, ಗಂಡಸರದು 90 ದಾಟಬಾರದು, ಯಾಕಂದ್ರ ನಮ್ಮ ಮಂದಿಗೆ ಕೊಬ್ಬು ಹೊಟ್ಟಿ ಸುತ್ತನ ಕೂಡ್ತೈತಿ. ಅಲ್ಲೇ ಒಂದು ಡಯಟ್ ಚಾರ್ಟ್ ಕೈಗೆ ಕೊಟ್ರು. ಓಟ್ಸ್, ಬ್ರೌನ್ ಬ್ರೆಡ್, ಬ್ರೊಕೊಲಿ, ಆಲಿವ್ ಎಣ್ಣಿ. ನಮ್ಮ ಮನ್ಯಾಗ ಮುಂಜಾನೆ ಎದ್ದು ರೊಟ್ಟಿ ಬಡಿಯೋ ಅತ್ತಿಯವ್ರು ಅದಾರ, ಹಿತ್ತಲದಾಗ ಮೆಂತೆ ಬೆಳಿತೈತಿ, ಸಂತ್ಯಾಗ ಹಕ್ಕರಕಿ ಕಟ್ಟು ಕಟ್ಟು ಸಿಗ್ತೈತಿ, ಅದ್ಯಾವುದೂ ಆ ಹಾಳ್ಯಾಗ ಇರಲಿಲ್ಲ. ಅದನ್ನ ಮಡಚಿ ಇಟ್ಟು, ನಾವು ದಿನಾ ಏನು ತಿಂತೀವಿ ಅಂತ ಬರಕೊಳ್ಳಾಕ ಶುರು ಮಾಡಿದೆ.

ಬರದು ನೋಡಿದ್ರ ಸಿಕ್ಕಿದ್ದು ಮಿರ್ಚಿ ಅಲ್ರಿ, ಚಹಾ.

ಮುಂಜಾನೆ ಎದ್ದ ಕೂಡ್ಲೆ ಒಂದು, ನಾಷ್ಟಾದ ಮ್ಯಾಲೆ ಒಂದು, ಆಫೀಸಿನಾಗ ಎರಡು, ಸಂಜಿ ಮನಿಗೆ ಬಂದು ಒಂದು, ಯಾರರ ಬಂದ್ರ ಅವರ ಜೋಡಿ ಮತ್ತೊಂದು. ಸಣ್ಣ ಚಮಚ ಸಕ್ಕರಿ ಅಂದ್ರ 4-5 ಗ್ರಾಂ ಬರ್ತೈತಿ, ನಮ್ಮ ಕಡೆ ಕಪ್ಪಿಗೆ ಎರಡು ಚಮಚ ಇಲ್ಲಂದ್ರ ಅದಕ್ಕ ಚಹಾನ ಅನ್ನಂಗಿಲ್ಲ, ಅಂದ್ರ ಐದು ಕಪ್ಪಿಗೆ 40-50 ಗ್ರಾಂ ಆತು. ವಿಶ್ವ ಆರೋಗ್ಯ ಸಂಸ್ಥೆ ಹೇಳೂದು ಏನಂದ್ರ 2000 ಕ್ಯಾಲೊರಿ ತಿನ್ನೋರು ಮ್ಯಾಲಿಂದ ಹಾಕ್ಕೊಳ್ಳೋ ಸಕ್ಕರಿನ 50 ಗ್ರಾಂ ಒಳಗ ಇಡಬೇಕು, 25ಕ್ಕ ಇಳಿಸಿದ್ರ ಇನ್ನೂ ಛಲೋ. ಲೆಕ್ಕ ಚಹಾದಾಗನ ಮುಗದುಹೋತು ನೋಡ್ರಿ, ಪೇಡಾಕ್ಕ ಜಾಗಾನ ಉಳೀಲಿಲ್ಲ. ಆ ನಾಲ್ಕನೇ ಕಪ್ಪು, ಐದನೇ ಕಪ್ಪು ಯಾರಿಗೆ ಬೇಕಾಗಿತ್ತು? ಕೊಟ್ರು, ಕುಡದ್ವಿ. ಅದರ ಜೋಡಿ ಖಾರಿ, ಟೋಸ್ಟು, ಟೇಬಲ್ ಮ್ಯಾಲಿನ ಡಬ್ಬ್ಯಾಗಿನ ಚೂಡಾ ಒಂದು ಮುಕ್ಕು, ಹೋಗ್ತಾ ಒಂದು ಮುಕ್ಕು ಬರ್ತಾ ಒಂದು ಮುಕ್ಕು, ಇದ್ಯಾವುದನ್ನೂ ನಾವು ತಿಂದೀವಿ ಅಂತ ಲೆಕ್ಕಕ್ಕ ಹಿಡಿಯಂಗಿಲ್ಲ.

ಒಮ್ಮೆಲೆ ಸಕ್ಕರಿ ಬಿಟ್ರ ನಾಲಿಗಿ ಕೇಳಂಗಿಲ್ಲ. ಎರಡಿದ್ದದ್ದು ಒಂದೂವರಿ, ಕೆಲವು ವಾರ ಬಿಟ್ಟು ಒಂದು, ಆಮ್ಯಾಲೆ ಅರ್ಧ, ಹಿಂಗ ಇಳಿಸಿದ್ರ ಗೊತ್ತಾಗದಂಗ ನಾಲಿಗಿ ಒಗ್ಗತೈತಿ, ಈಗ ಎರಡು ಚಮಚದ ಚಹಾ ಯಾರರ ಕೊಟ್ರ ಪಾಕ ಕುಡದಂಗ ಆಗ್ತೈತಿ ನನಗ. ಮತ್ತ ಬೆಲ್ಲದ ಚಹಾ ಅಂತ ಎಲ್ಲಾ ಕಡೆ ಅಂಗಡಿ ಆಗ್ಯಾವಲ್ಲ, ರುಚಿ ಛಲೋ ಇರ್ತೈತಿ ಖರೆ, ಆದ್ರ ತೂಕದ ಲೆಕ್ಕಕ್ಕ, ಶುಗರ್ ಲೆಕ್ಕಕ್ಕ ಬೆಲ್ಲಾನೂ ಸಕ್ಕರಿನ. ಬೆಲ್ಲ ಅಂತ ಹೇಳಿ ಮೂರು ಕಪ್ಪು ಕುಡಿಯೋ ಮಂದಿಗೆ ಇದನ್ನ ಜೋರಾಗಿ ಹೇಳಬೇಕು ಅನಸ್ತೈತಿ.

ಈಗ ಪೇಡಾಕ್ಕ ಬರೋಣ. ಉತ್ತರ ಪ್ರದೇಶದ ಉನ್ನಾವ್ ಕಡೆಯಿಂದ ಬಂದ ಠಾಕೂರ್ ಮನೆತನ ಧಾರವಾಡದಾಗ ಶುರು ಮಾಡಿದ್ದು, ಈಗ ಜಿಐ, ಅಂದ್ರ ಇದು ಈ ಊರಿಂದ ಅನ್ನೋ ಸರ್ಕಾರಿ ಮಾನ್ಯತಾನೂ ಐತಿ. ಖೋವಾನ ಸಕ್ಕರಿ ಜೋಡಿ ಕಂದು ಬಣ್ಣ ಬರೂತನ ಹುರಿತಾರ, ಆ ಹುರಿಯೂದರಾಗನ ಧಾರವಾಡದ ಪೇಡಾದ ಜೀವ ಐತಿ. ಹೊರಗ ಸಕ್ಕರಿ ಪುಡಿ ಸವರಿರ್ತೈತಿ, ಮುರದ್ರ ಒಳಗ ಮರಳ ಮರಳ. ಲೈನ್ ಬಜಾರದಾಗ ಪಾಳಿ ಹಚ್ಚಿ ತರಬೇಕಾಗಿತ್ತು, ತಡ ಆದ್ರ ಮಾಲು ಖಾಲಿ. ಹಂಗ ತಂದ ಪೇಡಾನ ಮನ್ಯಾಗ ನಮ್ಮಪ್ಪ ತಾನ ಕೂತು ಒಬ್ಬೊಬ್ರಿಗೆ ಒಂದೊಂದು ಕೊಡ್ತಿದ್ದ, ನಾವು ಅದನ್ನ ನಾಲ್ಕು ತುಣುಕು ಮಾಡಿ ತಿಂತಿದ್ವಿ, ಬೆರಳಿಗೆ ಹತ್ತಿದ ಪುಡಿನೂ ಬಿಡ್ತಿರಲಿಲ್ಲ. ಈಗ ಬಸ್ ಸ್ಟ್ಯಾಂಡಿನಾಗ, ಸ್ಟೇಷನ್ದಾಗ ಎಲ್ಲಿ ಬೇಕಾದಲ್ಲಿ ಸಿಗ್ತೈತಿ, ಅದಕ್ಕ ಬಾಕ್ಸ್ ಟಿವಿ ಮುಂದ ಇಟ್ಕೊಂಡು ತಿನ್ನೂದಾಗೇತಿ. 20 ಗ್ರಾಮಿನ ಒಂದು ಪೇಡಾಕ್ಕ ಹೆಚ್ಚುಕಮ್ಮಿ 80 ಕ್ಯಾಲೊರಿ. ಎರಡು ಕಪ್ಪು ಚಹಾದಾಗಿನ ಸಕ್ಕರಿ ತಗದ್ರ ಒಂದು ಪೇಡಾದ ಕ್ಯಾಲೊರಿ ಉಳಿತಾವು. ಹಂಗಾಗಿ ನಮ್ಮ ಮನ್ಯಾಗ ಈಗ ಕಾಲು ಕೆಜಿ ಮಾತ್ರ ತರತೀವಿ, ರವಿವಾರ ಊಟ ಆದ ಮ್ಯಾಲೆ ಎಲ್ಲಾರೂ ಕೂತು ಒಂದೊಂದು, ಉಳದದ್ದು ಆಜೂಬಾಜೂ ಮನಿಗೆ. ಊಟ ಆದ ಮ್ಯಾಲೆ ತಿಂದ್ರ ಒಂದಕ್ಕ ಸಮಾಧಾನ ಆಗ್ತೈತಿ, ಹಸದ ಹೊಟ್ಟಿಲೆ ಬಾಕ್ಸ್ ತಗದ್ರ ಕೈ ನಿಲ್ಲಂಗಿಲ್ಲ.

ಮಿರ್ಚಿ ಗಿರ್ಮಿಟ್ ಸುದ್ದಿ ಬ್ಯಾರೆ. ಗಿರ್ಮಿಟ್ ಒಂದ ಆದ್ರ ಅಷ್ಟೇನ ಕೆಟ್ಟದ್ದಲ್ರಿ. ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಷಿಣ ಒಗ್ಗರಣಿ ಹಾಕಿ, ಹುಣಸಿ ರಸ, ಸ್ವಲ್ಪ ಬೆಲ್ಲ ಕುದಿಸಿ, ಅದರಾಗ ಚುರಮರಿ ಕಲಸಿ, ಪುಟಾಣಿ ಹಿಟ್ಟು ಉದುರಿಸಿ, ಮ್ಯಾಲೆ ಹಸಿ ಉಳ್ಳಾಗಡ್ಡಿ, ಟೊಮ್ಯಾಟೊ, ಕೊತಂಬ್ರಿ, ಶೇವು. ಮನ್ಯಾಗ ಮಾಡಿದ್ರ ಎಣ್ಣಿ ಎಷ್ಟು ಹಾಕಬೇಕು ಅನ್ನೂದು ನಮ್ಮ ಕೈಯಾಗ ಇರ್ತೈತಿ, ಶೇವು ಕಡಿಮಿ ಮಾಡಿ ಉಳ್ಳಾಗಡ್ಡಿ ಹೆಚ್ಚ ಹಾಕಿದ್ರೂ ರುಚಿ ಹೋಗಂಗಿಲ್ಲ. ಕಷ್ಟ ಇರೂದು ಮಿರ್ಚಿದು. ಎಣ್ಣಿ ಅಂದ್ರ ಒಂದು ಗ್ರಾಮಿಗೆ 9 ಕ್ಯಾಲೊರಿ, ಹಿಟ್ಟು ಸಕ್ಕರಿಗೆ 4. ಎಣ್ಣಿ ಸರಿಯಾಗಿ ಕಾಯದ ಕಡಾಯಿಗೆ ಬಿಟ್ಟ ಮಿರ್ಚಿ ಎಣ್ಣಿ ಕುಡಿತೈತಿ, ಸೋಡಾ ಹೆಚ್ಚಾದ್ರೂ ಕುಡಿತೈತಿ, ಕೈಯಾಗ ಹಿಡದ್ರ ಪೇಪರ್ ಪಾರದರ್ಶಕ ಆಗ್ತೈತಲ್ಲ ಅಂಥಾದ್ದನ್ನ ನಾ ತಿನ್ನಂಗಿಲ್ಲ. ಎಣ್ಣಿ ಕರ್ರಗಾಗಿ ಬುರುಗು ಬರೋ ಕಡಾಯಿ ಮುಂದ ನಿಂದರೂದ ಇಲ್ಲ. ಕಾದ ಎಣ್ಯಾಗ ಬಿದ್ದು, ಹೊರಗ ಕರಕರ, ಒಳಗ ಮೆಣಸಿನಕಾಯಿ ಮೆತ್ತಗಾಗಿ, ಸೀಳಿದ ಜಾಗಾದಾಗ ತುಂಬಿದ ಅಜವಾನ ಉಪ್ಪು ಬಾಯಿಗೆ ಬರ್ತೈತಲ್ಲ, ಅಂಥಾ ಬಿಸಿ ಮಿರ್ಚಿ ಎರಡು, ಗಿರ್ಮಿಟ್ ಒಂದು ಪ್ಲೇಟು, ಕೂತು ತಿನ್ರಿ. ಅದನ್ನ ನಾಷ್ಟಾ ಅನ್ನಬ್ಯಾಡ್ರಿ, ಅದು ರಾತ್ರಿ ಊಟ. ನಾವು ದಪ್ಪ ಆಗೂದು ಮಿರ್ಚಿ ತಿಂದದ್ದಕ್ಕ ಅಲ್ಲ, ಆರಕ್ಕ ಮಿರ್ಚಿ ತಿಂದು ಒಂಬತ್ತಕ್ಕ ಮತ್ತ ಅನ್ನ ಸಾರು ರೊಟ್ಟಿ ಪೂರಾ ಊಟ ಮಾಡೂದಕ್ಕ. ನಮ್ಮ ಮನ್ಯಾಗ ಮಿರ್ಚಿ ತಿಂದ ದಿನ ರಾತ್ರಿ ಮಜ್ಜಿಗಿ, ಸೌತಿಕಾಯಿ, ಹಸಿವಾದ್ರ ಒಂದು ಬಟ್ಟಲ ಹೆಸರುಕಾಳಿನ ಉಸುಳಿ, ಇಷ್ಟ.

ವಾಕಿಂಗ್ ಹೋಗಿ ಕರಗಸ್ತೀನಿ ಅನ್ನೋರಿಗೂ ಒಂದು ಮಾತು. ನಾನೂ ಉಣಕಲ್ ಕೆರಿ ಸುತ್ತ ನಡೀತೀನಿ, ಬಿಡಂಗಿಲ್ಲ, ನಿದ್ದಿಗೆ, ಮನಸ್ಸಿಗೆ, ಶುಗರ್‌ಗೆ ಅದರಷ್ಟ ಛಲೋ ಔಷಧ ಇಲ್ಲ. ಆದ್ರ ಒಂದು ತಾಸು ಜೋರಾಗಿ ನಡದ್ರ ನಮ್ಮಂಥವ್ರಿಗೆ 200-250 ಕ್ಯಾಲೊರಿ ಖರ್ಚಾಗ್ತಾವು, ನಡದು ಬಂದು ಹೊರಗ ಗಾಡಿ ಮುಂದ ನಿಂತ್ರ ಐದು ನಿಮಿಷದಾಗ ಅಷ್ಟೂ ವಾಪಸ್.

ಇನ್ನ ರೊಟ್ಟಿ. ಜೋಳದ ರೊಟ್ಟಿ ತಿಂದ್ರ ತೂಕ ತಾನ ಇಳಿತೈತಿ ಅಂತ ಬೆಂಗಳೂರು ಮಂದಿ ನಂಬ್ಯಾರ, ಈಗೀಗ ನಮ್ಮವ್ರೂ ಅಂತಾರ. ಜೋಳದ ಹಿಟ್ಟಿನಾಗೂ ಗೋಧಿ ಹಿಟ್ಟಿನಷ್ಟ ಕ್ಯಾಲೊರಿ ಅದಾವ್ರಿ, 100 ಗ್ರಾಮಿಗೆ 340ರ ಆಸುಪಾಸು. ಅದರಾಗ ನಾರು ಛಲೋ ಐತಿ, ಅಗದು ತಿನ್ನಬೇಕು, ಬ್ಯಾಯಿಸಾಕ ಎಣ್ಣಿ ಬೇಕಾಗಿಲ್ಲ, ಜೋಡಿ ಕಾಳು, ತಪ್ಪಲ ಪಲ್ಯೆ, ಹಸಿ ಉಳ್ಳಾಗಡ್ಡಿ ಇರ್ತೈತಿ, ಅದಕ್ಕ ಹೊಟ್ಟಿ ಬೇಗ ತುಂಬತೈತಿ. ಆದ್ರ ಖಡಕ್ ರೊಟ್ಟಿ ತೆಳ್ಳಗ ಐತಿ ಅಂತ ಮುರಕೊಂಡು ಮುರಕೊಂಡು, ಶೇಂಗಾ ಚಟ್ನಿಗೆ ಎಣ್ಣಿ ಹಾಕ್ಕೊಂಡು, ಮ್ಯಾಲೆ ಕೆನಿಮೊಸರು ಹಾಕ್ಕೊಂಡು ಕೂತ್ರ? ಶೇಂಗಾದಾಗ ಅರ್ಧಕ್ಕರ್ಧ ಎಣ್ಣಿನ ಐತಿ, 100 ಗ್ರಾಮಿಗೆ 560ರ ಮ್ಯಾಲೆ ಕ್ಯಾಲೊರಿ. ಎಣ್ಣಿಗಾಯಿಗೆ ನಮ್ಮ ಅತ್ತಿಯವ್ರು ಈಗ ಮಾಡೂದು ಹೆಂಗಂದ್ರ, ಬದನಿಕಾಯಿಗೆ ಶೇಂಗಾ, ಗುರೆಳ್ಳು, ಎಳ್ಳಿನ ಪುಡಿ, ಬ್ಯಾಡಗಿ ಖಾರ, ಹುಣಸಿ, ಬೆಲ್ಲ ತುಂಬಿ, ಎರಡ ಚಮಚ ಎಣ್ಯಾಗ ಹಾಕಿ, ತಾಟು ಮುಚ್ಚಿ ತಾಟಿನ ಮ್ಯಾಲೆ ನೀರು ಇಟ್ಟು ಸಣ್ಣ ಉರಿಲೆ ಬ್ಯಾಯಿಸ್ತಾರ. ಸ್ವಲ್ಪ ಹೊತ್ತಿಗೆ ಶೇಂಗಾ ಗುರೆಳ್ಳಿನ ಎಣ್ಣಿ ತಾನ ಬಿಡ್ತೈತಿ, ಬ್ಯಾಡಗಿ ಬಣ್ಣ ಅದರಾಗ ಇಳದು ಕೆಂಪಗ ಅಂಚಿಗೆ ನಿಂದರ್ತೈತಿ, ನೋಡಿದ್ರ ಎಣ್ಣಿ ಸುರದಾರ ಅನಸ್ತೈತಿ. ಬ್ಯಾಡಗಿ ಮೆಣಸಿನಕಾಯಿ ಬಣ್ಣ ಜಾಸ್ತಿ ಖಾರ ಕಡಿಮಿ, ಹಂಗಾಗಿ ಮಕ್ಕಳೂ ತಿಂತಾವು.

ಉಪವಾಸದ ಬಗ್ಗೆ ಜಾಸ್ತಿ ಹೇಳಂಗಿಲ್ಲ. ಶ್ರಾವಣ ಸೋಮವಾರ ಸಾಬೂದಾಣಿ ಖಿಚಡಿ, ಶೇಂಗಾ, ಬಟಾಟಿ ತಿಂದು ಇವತ್ತ ಏನೂ ತಿಂದಿಲ್ಲ ಅನ್ನೂದು ಭಕ್ತಿಗೆ ಸರಿ, ತೂಕಕ್ಕ ಲೆಕ್ಕ ಆಗಂಗಿಲ್ಲ.

ಶ್ರಾವಣ ಅಂದ ಕೂಡ್ಲೆ ಪಂಚಮಿ ನೆನಪಾತು. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವಾ ಉಂಡಿ, ತಂಬಿಟ್ಟು, ಅಳ್ಳು. ತವರಮನಿಯಿಂದ ಡಬ್ಬಿ ಬರ್ತೈತಿ, ಅತ್ತಿಮನಿ ಡಬ್ಬಿ ಬ್ಯಾರೆ, ಓಣ್ಯಾಗಿನವ್ರದು ಬ್ಯಾರೆ. ಇದನ್ನ ಬ್ಯಾಡ ಅನ್ನಾಕ ನನಗ ಮನಸ್ಸಿಲ್ಲ, ಅನ್ನೂದೂ ಇಲ್ಲ, ಅವ್ವ ಕೈಯಾರೆ ಕಟ್ಟಿದ ಉಂಡಿ ಅದು. ಮಾಡಿದ ಬದಲಾವಣಿ ಅಂದ್ರ ಉಂಡಿ ಲಿಂಬಿಕಾಯಿಗಿಂತ ಸಣ್ಣದು ಕಟ್ಟೂದು, ಹಬ್ಬದ ವಾರದಾಗ ತಿಂದು ಹಂಚಿ ಮುಗಸೂದು, ಡಬ್ಬಿ ಅಡಗಿಮನಿ ಕಟ್ಟಿ ಮ್ಯಾಲೆ ತಿಂಗಳಗಟ್ಟಲೆ ಇಡಲಾರದಂಗ ನೋಡ್ಕೊಳ್ಳೂದು. ಮತ್ತ ಹಬ್ಬದ ಮರುದಿನ ತೂಕದ ಮಷೀನ್ ಏರಿ ಒಂದು ಕೆಜಿ ಹೆಚ್ಚಾತು ಅಂತ ಅಳೋ ಅಕ್ಕಾರಿಗೆ ಹೇಳ್ತೀನಿ, ಅದು ಕೊಬ್ಬಲ್ರಿ. ಒಂದು ಕೆಜಿ ಕೊಬ್ಬು ಆಗಬೇಕಂದ್ರ ಸುಮಾರು 7700 ಕ್ಯಾಲೊರಿ ಹೆಚ್ಚಿಗೆ ತಿನ್ನಬೇಕು, ಒಂದ ದಿನದಾಗ ಅಷ್ಟು ಯಾರೂ ತಿನ್ನಂಗಿಲ್ಲ. ಉಪ್ಪು, ಹಿಟ್ಟು ಜಾಸ್ತಿ ಆದ್ರ ಮೈಯಾಗ ನೀರು ನಿಂದರ್ತೈತಿ, ನಾಲ್ಕು ದಿನ ಎಂದಿನಂಗ ಉಂಡ್ರ ಇಳಿತೈತಿ. ಅದಕ್ಕ ಹೆದರಿ ಮರುದಿನ ಉಪವಾಸ ಬೀಳೂದು, ಸಂಜಿಗೆ ತಡಿಲಾರದ ಮತ್ತ ತಿನ್ನೂದು, ಇದರಾಗ ಸಿಕ್ಕೊಂಡವ್ರು ಭಾಳ ಮಂದಿ ಅದಾರ.

ಕಡೀಗೆ ಒಂದು ವಿಷಯ, ಇದು ನಮ್ಮ ಕಡೆ ಎಲ್ಲಾಕ್ಕಿಂತ ಕಷ್ಟದ್ದು. ಬೀಗರ ಮನಿಗೆ ಹೋದಾಗ ಒತ್ತಾಯ. "ಏನ ಉಂಡ್ರಿ ನೀವ, ಇನ್ನೊಂದ ಹಾಕ್ತೀನಿ ತಡೀರಿ", "ನನ್ನ ಮ್ಯಾಲೆ ಆಣಿ ಐತಿ ನೋಡ್ರಿ" ಅಂತ ಹೋಳಿಗಿ ತಂದು ತಾಟಿಗೆ ಹಾಕಿ, ಮ್ಯಾಲೆ ತುಪ್ಪ ಸುರುವಿ ಹೋಗಿಬಿಡ್ತಾರ. ಪ್ರೀತಿಲೆ ಮಾಡ್ತಾರ, ಅವರನ್ನ ನೋಯಸಾಕ ಆಗಂಗಿಲ್ಲ. ಡಯಟ್ ಅಂತ ಹೇಳಿದ್ರಂತೂ ಮುಗೀತು, ಇನ್ನೂ ಎರಡು ಬೀಳ್ತಾವು. ನಾ ಈಗ ಮೊದಲ ಸಲ ಬಡಸಾಕ ಬಂದಾಗನ ಅರ್ಧ ಹೋಳಿಗಿ ಹಾಕ್ರಿ ಅಂತೀನಿ, ಅದನ್ನ ತಡಮಾಡಿ ತಿಂತೀನಿ, ಅವರು ಎರಡನೇ ಸಲ ಬಂದು ಒತ್ತಾಯ ಮಾಡಿದಾಗ ಉಳದ ಅರ್ಧ ಹಾಕಿಸ್ಕೋತೀನಿ. ಬಡಿಸಿದವ್ರಿಗೂ ಸಮಾಧಾನ, ನನಗೂ ಒಂದು ಪೂರ್ತಿ ಹೋಳಿಗಿ ತುಪ್ಪದ ಜೋಡಿ ಸಿಕ್ತು. ನಮ್ಮ ಮನಿಗೆ ಯಾರರ ಬಂದ್ರ ಅವರು ಸಾಕು ಅಂದ ಕೂಡ್ಲೆ ನಿಲ್ಲಸ್ತೀವಿ, ಬೇಕಂದ್ರ ಹೋಗೂ ಮುಂದ ಡಬ್ಬ್ಯಾಗ ನಾಲ್ಕು ಕಟ್ಟಿ ಕೊಡ್ತೀವಿ.