ಮೂರನೆಯ ಗಾಜಿನ ಕೊಳವೆ

ವಾರವಿಡೀ ವಿದ್ಯಾರ್ಥಿಗಳ ಆಂತರಿಕ ಅಂಕಗಳನ್ನು ಕೂಡುತ್ತಿದ್ದೇನೆ. ಕೂಡುವಾಗಲೆಲ್ಲ ಮೈಸೂರಿನ ಮಂಡಿ ಮೊಹಲ್ಲಾದ ಗ್ಯಾರೇಜಿನಲ್ಲಿ ಕಂಡ ಆ ಮೂರನೆಯ ಕೊಳವೆ ಕಣ್ಣಿಗೆ ಕಟ್ಟುತ್ತದೆ. ರಸಾಯನಶಾಸ್ತ್ರ ಕಲಿಸುವವಳಿಗೆ ಗಾಜಿನ ಕೊಳವೆ ಹೊಸದೇನಲ್ಲ. ಆದರೂ ಅದು ಬಿಡುತ್ತಿಲ್ಲ.

ಅಣ್ಣನ ಮಗ ಹಳೆಯ ಫಿಯೆಟ್ ಲೀನಿಯಾ ಟಿ-ಜೆಟ್ ಕೊಂಡಿದ್ದಾನೆ. 1.4 ಲೀಟರಿನ, ಗಾಳಿ ಊದಿ ತುಂಬುವ ಟರ್ಬೊ ಇರುವ ಎಂಜಿನ್, ಕಂಪನಿ ಕೊಟ್ಟದ್ದು 114 ಕುದುರೆಶಕ್ತಿ. ದೊಡ್ಡ ಟರ್ಬೊ ಕೂರಿಸಿ ಅದನ್ನು 200ಕ್ಕೆ ಏರಿಸಬೇಕೆಂಬ ಹಟ ಅವನದು. ಕಂಪನಿ ಕೊಟ್ಟ ವಾಹನವನ್ನು ಮನಬಂದಂತೆ ಬದಲಿಸುವುದನ್ನು ತಡೆಯುವ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೆನಪಿಸಿದರೆ, ‘ಕೊಯಮತ್ತೂರಿನ ಟ್ರ್ಯಾಕ್‌ನಲ್ಲಿ ಮಾತ್ರ ಓಡಿಸುತ್ತೇನೆ ಅತ್ತೆ’ ಎನ್ನುತ್ತಾನೆ. ನಂಬುವವರು ನಂಬಲಿ.

ಗಾಳಿ ಹೆಚ್ಚು ಒಳಗೆ ಹೋದರೆ ಪೆಟ್ರೋಲೂ ಹೆಚ್ಚಬೇಕು. ಸಿಲಿಂಡರಿಗೊಂದರಂತೆ ಪೆಟ್ರೋಲ್ ಸಿಂಪಡಿಸುವ ಹಳೆಯ ಇಂಜೆಕ್ಟರ್‌ಗಳಿಗೆ ಆ ತಾಕತ್ತಿಲ್ಲ. ಬೆಂಗಳೂರಿನ ವ್ಯಾಪಾರಿಯೊಬ್ಬ ‘ನಿಮಿಷಕ್ಕೆ 1000 ಸಿಸಿ ಹರಿಸುವುದನ್ನೇ ಹಾಕಿಸು, ಮುಂದಕ್ಕೂ ಆಗುತ್ತದೆ’ ಎಂದು ತಲೆ ತುಂಬಿದ್ದ. ನಾವಿಬ್ಬರೂ ಕೂತು ಲೆಕ್ಕ ಹಾಕಿದೆವು. ಟರ್ಬೊ ಎಂಜಿನ್ ಒಂದು ಕುದುರೆಶಕ್ತಿಗೆ ಗಂಟೆಗೆ ಸುಮಾರು 0.6 ಪೌಂಡ್ ಪೆಟ್ರೋಲ್ ಕುಡಿಯುತ್ತದೆ. 200ಕ್ಕೆ 120 ಪೌಂಡ್, ನಾಲ್ಕು ಸಿಲಿಂಡರಿಗೆ ತಲಾ 30. ಇಂಜೆಕ್ಟರನ್ನು ಶೇ. 80ರ ಡ್ಯೂಟಿ ಸೈಕಲ್, ಅಂದರೆ ಶೇ. 80ರಷ್ಟು ಹೊತ್ತು ತೆರೆದಿರುವುದು, ಮೀರಿ ದುಡಿಸಬಾರದಾದ್ದರಿಂದ ಅದರ ಸಾಮರ್ಥ್ಯ 37.5 ಪೌಂಡ್ ಇರಬೇಕು. ಅಂದರೆ ನಿಮಿಷಕ್ಕೆ 400 ಸಿಸಿಗೆ ತುಸು ಕಡಿಮೆ. ಈಗ ಬಂಕಿನಲ್ಲಿ ಸಿಗುವ ಶೇ. 20ರ ಎಥನಾಲ್ ಮಿಶ್ರಣಕ್ಕೆಂದು ಶೇ. ಏಳೆಂಟು ಸೇರಿಸಿದರೂ 440 ಸಿಸಿ ಸಾಕು. 1000 ಸಿಸಿಯದಾದರೆ ಸಿಗ್ನಲ್‌ನಲ್ಲಿ ನಿಂತಾಗ ಬಾಯಿ ತೆರೆಯುವಷ್ಟರಲ್ಲಿ ಮುಚ್ಚಬೇಕಾಗುತ್ತದೆ. ಅಳತೆ ತಪ್ಪಿ ಎಂಜಿನ್ ನಡುಗುತ್ತದೆ. ಹುಡುಗ ಒಪ್ಪಿದ. ಆದರೆ ಅದೇ ವ್ಯಾಪಾರಿಯಿಂದ ಬಳಸಿದ 440 ಸಿಸಿ ಸೆಟ್ಟೊಂದನ್ನು ಅಗ್ಗಕ್ಕೆ ತರಿಸಿಕೊಂಡ.

ಗ್ಯಾರೇಜಿನ ಸಾಹೇಬರು ಡೀಸೆಲ್ ಪಂಪ್ ದುರಸ್ತಿಯಲ್ಲೇ ತಲೆ ನರೆಸಿಕೊಂಡವರು. ಡಬ್ಬಿ ಬಿಚ್ಚಿ, ಹಾಳೆ ಎಲ್ಲಿ ಎಂದು ಕೇಳಿದರು. ಬ್ಯಾಟರಿಯ ವೋಲ್ಟೇಜ್ ಇಳಿದಂತೆಲ್ಲ ಇಂಜೆಕ್ಟರ್ ತೆರೆಯುವುದು ತಡವಾಗುತ್ತದೆ. ಎಷ್ಟು ತಡ ಎಂಬ ಅಂಕಿಗಳನ್ನು ಆ ಹಾಳೆ ನೋಡಿ ಎಂಜಿನ್ ನಡೆಸುವ ಕಂಪ್ಯೂಟರಾದ ಇಸಿಯುಗೆ ತುಂಬಬೇಕು. ಹಾಳೆ ಇರಲಿಲ್ಲ. ಅವರು ಮಾತಾಡದೆ ನಾಲ್ಕನ್ನೂ ಪರೀಕ್ಷಾ ಬೆಂಚಿಗೆ, ಒಂದೊಂದರ ಕೆಳಗೂ ಒಂದೊಂದು ಗಾಜಿನ ಕೊಳವೆ ಬರುವಂತೆ ಸಿಕ್ಕಿಸಿ 3 ಬಾರ್ ಒತ್ತಡ ಕೊಟ್ಟರು. ಟಕಟಕ ಸದ್ದು. ಮೂರರಿಂದ ನವಿರಾದ ತುಂತುರು. ಉಳಿದೊಂದರಿಂದ ವಾರೆಯಾದ ಒಂದೇ ಎಳೆ. ಯಂತ್ರ ನಿಂತಾಗ ಮೂರನೆಯ ಕೊಳವೆಯ ಮಟ್ಟ ಉಳಿದವಕ್ಕಿಂತ ಬೆರಳಗಲ ತಗ್ಗಿತ್ತು. ಒತ್ತಡ ಹಾಗೇ ಇತ್ತು. ಮುಚ್ಚಿಕೊಂಡಿರಬೇಕಾದ ಆ ಮೂತಿಯಲ್ಲಿ ಒಂದು ಹನಿ ಊರಿ, ದಪ್ಪಗಾಗಿ, ಬಿತ್ತು. ಮತ್ತೊಂದು ಊರಿತು.

‘ಒಟ್ಟು ಕೂಡಿದರೆ ಹೆಚ್ಚುಕಡಿಮೆ ಸರಿಯಿದೆಯಲ್ಲ ಚಾಚಾ. ಉಳಿದದ್ದನ್ನು ಟ್ಯೂನಿಂಗ್‌ನಲ್ಲಿ ನೋಡಿಕೊಳ್ಳೋಣ’ ಎಂದ ಇವನು.

‘ಕೂಡಿದರೆ ಸರಿ ಮರಿ. ಆದರೆ ಅವು ಕೂಡಿ ಉರಿಯುವುದಿಲ್ಲವಲ್ಲ’ ಎಂದರು ಸಾಹೇಬರು.

ನಾಲ್ಕೂ ಸಿಲಿಂಡರಿನ ಹೊಗೆ ಬೆರೆತ ಮೇಲೆಯೇ ಆಮ್ಲಜನಕದ ಸೆನ್ಸರ್ ಅದನ್ನು ಮೂಸುವುದು. ಅದಕ್ಕೆ ಸಿಗುವುದು ಸರಾಸರಿ. ಮೂರರ ಸಮೃದ್ಧಿಯಲ್ಲಿ ಒಂದರ ಕೊರತೆ ಮುಚ್ಚಿಹೋಗುತ್ತದೆ, ಪರದೆಯ ಮೇಲೆ ಎಲ್ಲವೂ ಚೆನ್ನಾಗಿರುತ್ತದೆ. ಟರ್ಬೊ ಜೋರಾಗಿ ಊದುವಾಗ ಆ ಒಂದು ಸಿಲಿಂಡರಿಗೆ ಪೆಟ್ರೋಲ್ ಸಾಲದೆ ಬಿಸಿಯೇರಿ, ಮಿಶ್ರಣ ತಾನಾಗಿಯೇ ಸಿಡಿದು ಎಂಜಿನ್ ಕುಟ್ಟಲು ಶುರುವಾಗಿ, ಪಿಸ್ಟನ್ ಕರಗಿದರೂ ಕರಗೀತು.

ನಮ್ಮ ವಿಭಾಗದ ಸಭೆಯೂ ಆ ಸೆನ್ಸರ್‌ನಂತೆಯೇ. ‘ತರಗತಿಯ ಸರಾಸರಿ ಕಳೆದ ವರ್ಷಕ್ಕಿಂತ ಮೇಲು’ ಎಂದೊಡನೆ ಎಲ್ಲರ ಮುಖ ಅರಳುತ್ತದೆ, ಕಾಫಿ ಬರುತ್ತದೆ. ಪಾಂಡವಪುರದಿಂದ ರೈಲಿನಲ್ಲಿ ಬರುವ ಹುಡುಗಿಯೊಬ್ಬಳಿದ್ದಾಳೆ. ಮೋಲ್ ಲೆಕ್ಕ ಪಿಯುಸಿಯಿಂದಲೇ ಅವಳಿಗೆ ಹತ್ತಿಲ್ಲ. ಅವಳ ಹೆಸರೆತ್ತಿದರೆ ‘ಒಬ್ಬಿಬ್ಬರು ಹಾಗಿರುತ್ತಾರೆ ಬಿಡಿ ಮೇಡಂ’ ಎನ್ನುತ್ತಾರೆ ಮುಖ್ಯಸ್ಥರು. ಒಳ್ಳೆಯವರೇ, ಆದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಮಿತಿ ಬರುವ ವರ್ಷ ಅವರಿಗೆ ಕೊಳವೆ ಕಾಣುವುದಿಲ್ಲ, ಒಟ್ಟು ಮೊತ್ತ ಮಾತ್ರ ಕಾಣುತ್ತದೆ. ಸೋಮವಾರದಿಂದ ಅವಳನ್ನು ಮೂರೂವರೆಯ ನಂತರ ಕೂರಿಸಿಕೊಳ್ಳುತ್ತಿದ್ದೇನೆ. ರೈಲಿನ ಹೊತ್ತಿಗೆ ಬಿಡಬೇಕು, ಹಾಗಾಗಿ ಹೆಚ್ಚು ಸಾಗುತ್ತಿಲ್ಲ.

ವ್ಯಾಪಾರಿ ಸೆಟ್ ವಾಪಸು ಪಡೆಯಲಿಲ್ಲ, ಈಗ ಫೋನೂ ಎತ್ತುತ್ತಿಲ್ಲ. ನಾಲ್ಕರ ಹರಿವಿನಲ್ಲೂ ಶೇ. 2ಕ್ಕಿಂತ ಹೆಚ್ಚು ವ್ಯತ್ಯಾಸವಿಲ್ಲವೆಂದು ಪರೀಕ್ಷಾ ಹಾಳೆಯೊಂದಿಗೆ ಬರುವ ಹೊಸ ಸೆಟ್ಟಿಗೆ ನಾನೇ ಹಣ ಕೊಟ್ಟಿದ್ದೇನೆ. ಈಗ ಟ್ಯಾಂಕಿನೊಳಗಿನ ಪಂಪನ್ನೂ ಬದಲಿಸಬೇಕಂತೆ. ಅದಕ್ಕೆ ಅವನ ಅಪ್ಪನನ್ನು ಕೇಳಲಿ.