ಫೋಟೊ ನೋಡಿ ಬರೆದ ಚಿತ್ರದ ಹಕ್ಕು ಯಾರದು?

ಬೀದರಿನ ಮಹಮೂದ್ ಗವಾನ್ ಮದರಸಾದ ಚಿತ್ರವನ್ನು ಯಾರು ಬೇಕಾದರೂ ಬರೆಯಬಹುದು. 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಕಲಮು ಕಟ್ಟಡದ ಚಿತ್ರ ಬರೆಯುವುದನ್ನು ಉಲ್ಲಂಘನೆಯೆಂದು ಎಣಿಸುವುದಿಲ್ಲ. ಆದರೆ ಆ ಮಿನಾರಿನಲ್ಲಿ ಅಳಿದುಳಿದ ಬಣ್ಣದ ಹೆಂಚುಗಳ ಮೇಲೆ ಎಳೆಬಿಸಿಲು ಬೀಳುವ ಗಳಿಗೆಗೆ ಕಾದು, ಕೋನವನ್ನು ಆರಿಸಿ ಒಬ್ಬರು ತೆಗೆದ ಫೋಟೊವನ್ನು ಇಳಿಸಿಕೊಂಡು, ಅನುಮತಿಯಿಲ್ಲದೆ ಗೆರೆಗೆ ಗೆರೆ ಕ್ಯಾನ್ವಾಸಿಗೆ ತಂದು ಮಾರುವುದು ಬೇರೆಯೇ ಮಾತು. ಅದನ್ನೇ ಬಿದರಿ ತಟ್ಟೆಯ ಮೇಲೆ ಬೆಳ್ಳಿ ತಂತಿಯಲ್ಲಿ ಕೂರಿಸಿದರೂ ಅಷ್ಟೇ, ಏಕೆಂದರೆ ಯಾವುದೇ ಭೌತಿಕ ರೂಪದಲ್ಲಿ ಮರುಸೃಷ್ಟಿಸುವ ಹಕ್ಕನ್ನು ಕಾಯ್ದೆಯು ಕೃತಿಸ್ವಾಮ್ಯ ಹೊಂದಿದವರಿಗೇ ಕೊಟ್ಟಿದೆ. 2012ರ ತಿದ್ದುಪಡಿಯ ನಂತರ ಫೋಟೊಗಳಿಗೂ ಈ ರಕ್ಷಣೆ ಛಾಯಾಗ್ರಾಹಕರ ಜೀವಿತಾವಧಿ ಮತ್ತು ಆನಂತರದ 60 ವರ್ಷಗಳವರೆಗೆ ಇರುತ್ತದೆ.

ಇಂತಿಷ್ಟು ಭಾಗ ಬದಲಿಸಿದರೆ ಸಾಕೆಂದು ಅನೇಕ ಕಲಾವಿದರು ನಂಬಿದ್ದಾರೆ. ಅಂಥ ಲೆಕ್ಕ ಕಾಯ್ದೆಯಲ್ಲಿ ಎಲ್ಲಿಯೂ ಇಲ್ಲ. ಸ್ವಂತ ಅಭ್ಯಾಸ, ಸಂಶೋಧನೆ, ವಿಮರ್ಶೆಗಳಿಗೆ ನ್ಯಾಯೋಚಿತ ಬಳಕೆಯ ವಿನಾಯಿತಿ ಇದೆ, ಮತ್ತು ಕಲಿಯುವವರು ಅದನ್ನು ಧಾರಾಳವಾಗಿ ಬಳಸಿಕೊಳ್ಳಲಿ ಎಂಬುದೇ ನನ್ನ ಆಸೆ. ಮಾರಾಟಕ್ಕಿಳಿದಾಗ ಮಾತ್ರ ಆ ಆಸರೆ ಬಹಳ ತೆಳುವಾಗುತ್ತದೆ. ಅಮೆರಿಕದ ಕಾನೂನು ಬೇರೆಯಾದರೂ, ಲಿನ್ ಗೋಲ್ಡ್‌ಸ್ಮಿತ್ 1981ರಲ್ಲಿ ತೆಗೆದ ಗಾಯಕ ಪ್ರಿನ್ಸ್ ಅವರ ಫೋಟೊವನ್ನು ಆಧರಿಸಿ ಕಲಾವಿದ ಆ್ಯಂಡಿ ವಾರ್ಹಾಲ್ ರಚಿಸಿದ ಚಿತ್ರವನ್ನು ಅವರ ಹೆಸರಿನ ಪ್ರತಿಷ್ಠಾನವು ಪತ್ರಿಕೆಯೊಂದಕ್ಕೆ ಹಣ ಪಡೆದು ಕೊಟ್ಟ ಪ್ರಕರಣದಲ್ಲಿ, ಅಲ್ಲಿನ ಸುಪ್ರೀಂ ಕೋರ್ಟ್ 2023ರಲ್ಲಿ ಛಾಯಾಗ್ರಾಹಕಿಯ ಪರವಾಗಿಯೇ ತೀರ್ಪಿತ್ತಿತು.